ಹೆಣ ಎತ್ತೋತನಾ ಬಂದ್

ಸ್ವಲ್ಪ ಸರದು ಕುಂದರ್ರಿ, ಹೇಳ್ತೀನಿ. ಹೆಂಗೂ ಕರೆಂಟ್ ಹೋಗೇತಿ, ಮಾಳಿಗಿ ಮ್ಯಾಲೆ ಗಾಳಿನೂ ಇಲ್ಲ, ನಿದ್ದಿನೂ ಬರಂಗಿಲ್ಲ. ಆದ್ರ ನಡುವ ಯಾರೂ ನಗಬಾರದು. ನಿಶಾತ್, ನಿನಗ ಹೇಳಾಕತ್ತೀನಿ. ಮೊನ್ನೆ ಮೊನ್ನೆ ಅಂಗನವಾಡಿ ಕೆಲಸಕ್ಕ ಸೇರಿದಾಕಿ ನೀ, ದೆವ್ವ ಗಿವ್ವ ಎಲ್ಲಾ ಸುಳ್ಳು ಅಂತಿ. ಅನ್ನು ತಾಯಿ. ನಾನೂ ಅಂತಿದ್ದೆ. ಹದಿನಾಲ್ಕು ವರ್ಷದಿಂದ ಆಶಾ ಕೆಲಸ ಮಾಡಾಕತ್ತೀನಿ, ಈ ಕೈಲೆ ಎಷ್ಟು ಕೂಸು ಎತ್ತೀನಿ, ಎಷ್ಟು ಹೆಣ ತೊಳದೀನಿ, ನನಗ ಅಂಜಿಕಿ ಅನ್ನೋದ ಇರಲಿಲ್ಲ.

ಇದು ಯಾರೋ ಹೇಳಿದ್ದನ್ನ ಕೇಳಿ ಹೇಳೋದಲ್ಲ. ನಮ್ಮ ಚಿಗವ್ವನ ಮಗ ಹುಲಿಗೇಶನ ಮ್ಯಾಲೆ ಬಂದದ್ದು. ಅರ್ಧ ಅವ ಕಂಡಿದ್ದು, ಅರ್ಧ ನಾ ಮುಟ್ಟಿದ್ದು. ಊರ ಹೆಸರು ಮಾತ್ರ ಹೇಳಂಗಿಲ್ಲ. ಪಾಮನಕಲ್ಲೂರಿನ ಈಚಿಗೆ ಒಂದು ಊರು ಅಂತ ತಿಳಕೋರಿ ಸಾಕು. ಆ ಮಂದಿ ಇನ್ನೂ ಅಲ್ಲೇ ಅದಾರ.

ಹುಲಿಗೇಶಂದು ಡಿಜೆ. ಒಂದು ಟೆಂಪೋ, ಅದರ ಮ್ಯಾಲೆ ಎಂಟು ಬಾಕ್ಸ್. ಹಚ್ಚಿದ್ನಂದ್ರ ಎದಿ ಎಲುಬು ನಡುಗಬೇಕು, ಹಂಗ. ಆ ಸಲ ಶಿವಶರಣಪ್ಪ ಸಾವ್ಕಾರನ ಮಗ ವೀರೇಂದ್ರನ ಮದಿವಿ. ನಾಕು ದಿನದ್ದು. ಮೊದಲನೇ ರಾತ್ರಿ ಹಳದಿ ಕಾರ್ಯಕ್ರಮ, ಒಂದು ಗಂಟೆತನಾ ಕುಣದ್ರು. ಆಮ್ಯಾಲೆ ಹುಲಿಗೇಶ ಟೆಂಪೋ ಹಂದರದಾಗ ಬಿಟ್ಟು ಮನಿಗೆ ನಡಕೊಂತ ಹೊಂಟ.

ದಾರ್ಯಾಗ ಒಂದು ಹಳೇ ಭಾವಿ. ಈಗ ಯಾರೂ ನೀರು ಸೇದಂಗಿಲ್ಲ. ಭಾವಿ ಗ್ವಾಡಿ ಮ್ಯಾಲೆ ಪಂಚಾಯ್ತಿಯವರು ಹಳದಿ ಬಣ್ಣದಾಗ ದಪ್ಪ ಅಕ್ಷರಲೆ ಬರಸ್ಯಾರ... ರಾತ್ರಿ ಹತ್ತರಿಂದ ಬೆಳಿಗ್ಗೆ ಆರರತನಾ ಮೈಕ್, ಡಿಜೆ ನಿಷೇಧ ಅಂತ. ಬರಸಿದ ಮೆಂಬರನ ಮಗನ ಮದಿವ್ಯಾಗೂ ಎರಡು ಗಂಟೆತನಾ ಡಿಜೆ ಹೊಡದಿತ್ತು, ಬಿಡ್ರಿ.

ಹುಲಿಗೇಶನ ಕಿವಿ ಇನ್ನೂ ಗುಂಯ್ ಅನ್ನಾಕತ್ತಿದ್ದವು. ಅದರಾಗ ಒಂದು ಸಪ್ಪಳ ಕೇಳಿತು.

ಸರ್ರ್... ಟಕ್.

ನಿಂತ. ಮತ್ತ ಸರ್ರ್... ಟಕ್.

ಭಾವಿ ಮಗ್ಗಲಿಂದ ಪಕೀರಮ್ಮ ಬಂದ್ಲು. ಆಕಿ ಸಾಲ್ಯಾಗ ಬಿಸಿಯೂಟದ ಅಡಗಿ ಮಾಡ್ತಿದ್ದಾಕಿ. ಮೊಳಕಾಲು ಹಿಡದು ಒಂದು ಕಾಲು ಎಳದು ನಡೀತಿದ್ಲು, ಕೈಯಾಗ ಕಬ್ಬಿಣದ ಕಟ್ಟು ಹಾಕಿದ ಕೋಲು. ಬರಗಾಲು. ಚಪ್ಪಲಿ ಹಾಕ್ಕೊಂಡ್ರ ಜಾರತೈತಿ ಅಂತ ಯಾವತ್ತೂ ಹಾಕ್ತಿರಲಿಲ್ಲ.

"ಹುಲಿಗೇಶಾ..."

"ಏನಬೇ ಯವ್ವಾ, ಇಷ್ಟೊತ್ನ್ಯಾಗ?"

"ಸ್ವಲ್ಪ ಸಣ್ಣಗ ಹಚ್ಚೋ ಯಪ್ಪಾ. ಕೂಸು ಹಾಲು ಬಿಟ್ಟೈತಿ."

ಕೂಸು ಅಂದ್ರ ಆಕಿ ಮಗಳು ಗಂಗಾಂದು. ದಿನ ತುಂಬಲಾರದ ಹುಟ್ಟಿದ ಹೆಣ್ಣುಕೂಸು. ಲಿಂಗಸುಗೂರ ದವಾಖಾನ್ಯಾಗ ಹನ್ನೊಂದು ದಿನ ಗಾಜಿನ ಪೆಟ್ಟಿಗ್ಯಾಗ ಇಟ್ಟು ಉಳಿಸಿ ಕಳಿಸಿದ್ರು. ಒಂದು ಕಿಲೋ ಏಳ್ನೂರೈವತ್ತು ಗ್ರಾಂ. ಎರಡು ತಾಸಿಗೊಮ್ಮೆ ಹಾಲು, ಉಳಿದ ಹೊತ್ತು ನಿದ್ದಿ, ಗದ್ದಲ ಬ್ಯಾಡ ಅಂದಿದ್ರು ಡಾಕ್ಟರು. ಇವರದು ಹಂದರ ಹಾಕಿದ ಓಣ್ಯಾಗ ತಗಡಿನ ಮನಿ. ಡಿಜೆ ಧಮ್ ಅಂದ್ರ ತಗಡು ಝರ್ರ್ ಅನ್ನೋದು, ಕೂಸು ಕೈಕಾಲು ಝಾಡಿಸಿ ಮೊಲಿ ಬಿಡೋದು. ಅತ್ತು ಅತ್ತು ಸೋತು, ಕಡೀಕ ಅಳೋದೂ ನಿಲ್ಲಸ್ತಿತ್ತು.

ಹುಲಿಗೇಶ ಕೆಟ್ಟಾಂವ ಅಲ್ಲ. ದಣದಿದ್ದ. ಹೋಗಬಿಟ್ರ ಸಾಕಾಗಿತ್ತು ಅವಗ. "ಸಾವ್ಕಾರ ಕೇಳಂಗಿಲ್ಲಬೇ. ಓಣ್ಯಾಗ ಹೆಣ ಬಿದ್ರ ಬಂದ್ ಮಾಡ್ತೀವಿ. ಕೂಸು ಅಳತೈತಿ ಅಂತ ಯಾವೂರಾಗ ಬಂದ್ ಮಾಡ್ಯಾರ?" ಅಂದ.

ಇದು ಆ ಊರ ಇನ್ನೊಂದು ಕಾಯ್ದೆ. ಯಾವ ಗ್ವಾಡಿ ಮ್ಯಾಲೂ ಬರದಿಲ್ಲ. ಓಣ್ಯಾಗ ಹೆಣ ಇದ್ರ ಮೈಕ್ ಬಂದ್. ಹೆಣ ಎತ್ತೋತನಾ ಬಂದ್. ಎಂಥಾ ಸಾವ್ಕಾರನ ಮದಿವಿ ಇರಲಿ, ಎತ್ತಿ ಊರ ದಾಟಿಸಿದ ಮ್ಯಾಲೇ ಮತ್ತ ಹಚ್ಚಬೇಕು. ಇದನ್ನ ಮುರದವರು ಇವತ್ತಿನತನಾ ಒಬ್ರೂ ಇಲ್ಲ.

ಪಕೀರಮ್ಮ ಕೋಲು ಊರಿ ಒಂದು ಹೆಜ್ಜಿ ಮುಂದ ಬಂದ್ಲಂತ. ಆಮ್ಯಾಲೆ ಸಣ್ಣ ದನಿಲೆ ಕೇಳಿದ್ಲು.

"ಹೆಣ ಇದ್ರ... ಬಂದ್ ಮಾಡ್ತಿ?"

"ಖರೇ ಬೇ. ಸಾವ್ಕಾರ ಬ್ಯಾಡಂದ್ರೂ ಮಾಡ್ತೀನಿ."

"ಆತು," ಅಂದ್ಲು. ಕೋಲು ಊರಿಕೊಂಡು ಹೋದ್ಲು. ಸರ್ರ್... ಟಕ್. ಸರ್ರ್... ಟಕ್.

ಮರುದಿನ ನಾ ತೂಕ ಮಾಡಾಕ ಹೋದ್ರ ಕೂಸು ಮೂವತ್ತು ಗ್ರಾಂ ಇಳದಿತ್ತು. ನನಗ ಸಿಟ್ಟು ನೆತ್ತಿಗೇರಿತು. ರಾತ್ರಿ ಹತ್ತು ದಾಟಿದ್ದ ತಡ ೧೧೨ಕ್ಕ ಫೋನ್ ಮಾಡು ಅಂತ ಪಕೀರಮ್ಮಗ ಕಲಿಸಿದೆ. ನೀನ ಯಾಕ ಮಾಡಲಿಲ್ಲ ಅಂತ ಕೇಳ್ರಿ. ಕೇಳ್ರಿ ಅಂದ್ರ! ನಾ ಊರಾಗ ಎಲ್ಲಾರ ಮನಿಗೂ ಹೋಗಬೇಕಾದಾಕಿ, ಸಾವ್ಕಾರನ ಎದುರು ಹಾಕ್ಕೊಂಡು ಏನು ಮಾಡ್ಲಿ ಅಂತ ಹಿಂದಕ್ಕ ಸರದೆ. ಅಷ್ಟ ಅಲ್ಲ. ಹುಲಿಗೇಶಗ ಹೋಗಿ ಹೇಳಿದೆ, "ಪಕೀರವ್ವ ಫೋನ್ ಮಾಡಾಕಿ ಅದಾಳ, ನೀನ ಮೊದಲ ಸಣ್ಣಗ ಮಾಡಿಬಿಡೋ ತಮ್ಮಾ" ಅಂತ. ನಮ್ಮವ ಅಲ್ಲೇನು, ತಿಳಕೊಂತಾನ ಅನಕೊಂಡೆ. ಅವ ಹೋಗಿ ಸಾವ್ಕಾರನ ಮುಂದ ಅಂದ. ನನ್ನ ಬಾಯಿಗೆ ಬೆಂಕಿ ಹಾಕ.

ಆ ರಾತ್ರಿ ಪಕೀರಮ್ಮ ಫೋನ್ ಮಾಡಿದ್ಲು, ಪೊಲೀಸ್ ಗಾಡಿ ಬಂತು. ಬಂದ್ ಮಾಡಸಿದ್ರು, ಬೈದ್ರು, ಹೋದ್ರು. ಗಾಡಿ ದೀಪ ತಿರುವಿನಾಗ ಮರಿ ಆಗೋತನಾ ಡಿಜೆ ಸುಮ್ನಿತ್ತು. ಆಮ್ಯಾಲೆ ಸಾವ್ಕಾರ ಒಂದ ಮಾತಂದ, "ಆ ಮುದುಕಿಗೆ ಸರಿಯಾಗಿ ಕೇಳಸವಲ್ದು ಅಂತ ಕಾಣಸ್ತೈತಿ." ಎರಡು ಬಾಕ್ಸ್ ಇಳಿಸಿ ಪಕೀರಮ್ಮನ ಬಾಗಿಲ ಕಡೆ ಮುಖ ಮಾಡಿ ಇಟ್ರು. ತಗಡು ಕುಣದವು. ಗೂಡಿನಾಗಿನ ತಾಟು ಠಣ್ ಠಣ್ ಅಂತ ಒಂದರ ಮ್ಯಾಲೊಂದು ಬಿದ್ದವು. ಒಂದೂವರಿತನಾ.

ಮೂರನೇ ದಿನ ಮುಂಜಾನೆ ಕೂಸು ಒಂದು ಕಿಲೋ ಆರ್ನೂರ ಅರವತ್ತು. ಕಣ್ಣು ತೆರೀತಿರಲಿಲ್ಲ. ದವಾಖಾನಿಗೆ ಒಯ್ಯೋಣ ನಡೀರಿ ಅಂದೆ. ಗಂಗಾ ಕೂಸಿನ ಎದಿಗೆ ಅವಚಿಕೊಂಡು, "ಮತ್ತ ಆ ಪೆಟ್ಟಿಗ್ಯಾಗ ಹಾಕಂಗಿಲ್ಲಕ್ಕಾ, ಇವತ್ತೊಂದು ದಿನ ನೋಡ್ತೀನಿ," ಅಂತ ಅತ್ಲು. ನಾ ಪಕೀರಮ್ಮನ ಹೊರಗ ಕರದು ಮುಚ್ಚುಮರಿ ಇಲ್ಲದ ಹೇಳಿದೆ.

"ಇನ್ನೊಂದು ರಾತ್ರಿ ಹಿಂಗ ಆದ್ರ ಕೂಸು ಕೈಗೆ ಹತ್ತಂಗಿಲ್ಲಬೇ."

ಆಕಿ ಅಳಲಿಲ್ಲ. "ಮದಿವಿ ಇನ್ನೂ ನಾಳೆತನಾ ಐತಿ," ಅಂದ್ಲು. ಅಷ್ಟ.

ಈಗ ಕೇಳ್ರಿ.

ಆ ರಾತ್ರಿ ಆರತಕ್ಷತೆ. ಬರೋಬ್ಬರಿ ಹತ್ತು ಗಂಟೆಕ್ಕ ಮದುಮಕ್ಕಳು ಹಂದರಕ್ಕ ಬಂದ್ರು. ಫಟ್ ಫಟ್ ಅಂತ ಕಾಗದದ ಗನ್ನು ಹಾರಿಸಿದ್ರು, ಗುಲಾಬಿ ಮತ್ತ ಬೆಳ್ಳಿ ಬಣ್ಣದ ಹೊಳಿಯೋ ಕಾಗದದ ಚೂರು ಹುಲಿಗೇಶನ ಮಿಕ್ಸರ್ ಮ್ಯಾಲೆಲ್ಲಾ ಬಿದ್ದವು. ಮಂದಿ ಹೋ ಅಂದ್ರು. ಹುಲಿಗೇಶ ಪೂರಾ ಏರಿಸಿದ.

ಆ ಸಪ್ಪಳದಾಗ... ಮಗ್ಗಲದಾಗ ನಿಂತು ಚೀರಿದ್ರೂ ಕೇಳಸಂಗಿಲ್ಲ, ಅಂಥಾದ್ರಾಗ... ಅವಗ ಕೇಳಿತು.

ಸರ್ರ್... ಟಕ್.

ತಲಿ ಎತ್ತಿದ. ಕುಣಿಯೋರ ನಡುವ ಪಕೀರಮ್ಮ ಬರಾಕತ್ತಿದ್ಲು. ಯಾರೂ ಆಕಿ ಕಡೆ ನೋಡವಲ್ರು, ಯಾರ ಮೈಯೂ ಆಕಿಗೆ ತಾಗವಲ್ದು. ಕಾಗದದ ಚೂರು ತುಳಕೊಂತ ಬರಗಾಲಿಲೆ ಬಂದು ಟೆಂಪೋ ಮಗ್ಗಲಕ್ಕ ನಿಂತ್ಲು. ಬಾಯಿ ಕಿವಿಗೆ ತರಲಿಲ್ಲ. ಭಾವಿ ಹಂತ್ಯಾಕ ಮಾತಾಡಿದಷ್ಟ ಸಣ್ಣ ದನಿ.

"ಹುಲಿಗೇಶಾ... ಬಂದ್ ಮಾಡು. ನಮ್ಮನ್ಯಾಗ ಹೆಣ ಐತಿ."

ಕೂಸು ಹೋತು ಅನಕೊಂಡ. ವೈರ್ ಹಿಡದು ಜಗ್ಗಿಬಿಟ್ಟ.

ಎಲ್ಲಾ ಸುಮ್ನಾತು. ದೂರ ಯಾರದೋ ಮನ್ಯಾಗ ಎಮ್ಮಿ ಸರಪಳಿ ಝಣ್ ಅಂದದ್ದು ಕೇಳಿತು.

"ಯಾಕಲೇ?" ಅಂದ ಸಾವ್ಕಾರ.

"ಪಕೀರವ್ವನ ಮನ್ಯಾಗ ಹೆಣ ಐತಂತ್ರಿ."

ಹೆಣ ಅಂದ ಮ್ಯಾಲೆ ಮುಗೀತು. ಸಾವ್ಕಾರ ತಾನ ಹೆಗಲ ಮ್ಯಾಲಿನ ಟವೆಲ್ ತಗದು ಕೈಯಾಗ ಹಿಡಕೊಂಡ. ಹುಲಿಗೇಶ ತಿರುಗಿ ನೋಡಿದ್ರ ಪಕೀರಮ್ಮ ಇಲ್ಲ.

ಅಳಕೊಂತ ಓಡಿ ನಮ್ಮನಿಗೆ ಬಂದ ಅವ. ಇಬ್ರೂ ಹೋದ್ವಿ. ಬಾಗಿಲ ತಟ್ಟಿದ್ರ ಗಂಗಾ ತೆರದ್ಲು. ಎದ್ಯಾಗ ಕೂಸು. ಚಪ್ಪ್... ಚಪ್ಪ್... ಹಾಲು ಕುಡಿಯಾಕತ್ತೈತಿ!

"ಡಿಜೆ ನಿಂತದ್ದ ತಡ ಬಾಯಿ ಹಾಕ್ತಕ್ಕಾ," ಅಂದ್ಲು ಗಂಗಾ. "ಏನಾತು, ಯಾಕ ಬಂದ್ರಿ?"

"ನಿಮ್ಮವ್ವ ಎಲ್ಲಿ?" ಅಂದ ಹುಲಿಗೇಶ.

"ಮಲಗ್ಯಾಳ. ಆರೂವರಿಗೆ ಅರ್ಧ ಚಾ ಕುಡದು ಮಲಗಿದ್ಲು. ಏಳಕ್ಕ ಉಣ್ಣಾಕ ಕರದೆ, ಏಳಲಿಲ್ಲ. ಡಿಜೆ ಸಪ್ಪಳದಾಗ ಕೇಳಿಲ್ಲ ಅನಕೊಂಡೆ. ಎರಡು ರಾತ್ರಿ ನಿದ್ದಿ ಇಲ್ಲ, ಮಲಗಲಿ ಅಂತ ಕಾಲತನಾ ಕೌದಿ ಹೊದಿಸಿ ಬಿಟ್ಟೆ."

ನಾ ಒಳಗ ಹೋದೆ. ಹೊರಸಿನ ಮಗ್ಗಲಕ್ಕ ಕೋಲು, ಲೋಟದಾಗ ಕೆನಿಗಟ್ಟಿದ ಚಾ. ಗಲ್ಲ ಮುಟ್ಟಿದೆ. ದವಡಿ ಬಿಗಿದು ಕಟ್ಟಿಗಿ ಆಗಿತ್ತು. ಈಗ ಹೋದ ಜೀವ ಅಲ್ಲ ಅದು. ಮೂರು ತಾಸರ ಆಗಿರಬೇಕು. ಹತ್ತಕ್ಕ ಹಂದರದಾಗ ನಿಂತು ಮಾತಾಡಿದಾಕಿ ಯಾರು ಅಂತ ಹುಲಿಗೇಶ ನನ್ನ ಮುಖ ನೋಡಿದ, ನಾ ಅವನ ಮುಖ ನೋಡಿದೆ.

ಗಂಗಾ ಎಷ್ಟು ಅತ್ಲು ಅನ್ನೋದು ನನ್ನ ಬಾಯಿಲೆ ಹೇಳಾಕ ಆಗಂಗಿಲ್ಲ. ದನಿ ತಗದು ಅಳಲಿಲ್ಲ ಆಕಿ. ಕೂಸು ಏಳತೈತಿ ಅಂತ ಸೆರಗು ಬಾಯಾಗ ತುರುಕಿಕೊಂಡು ಅತ್ಲು.

ಬೆಳಗಾದ ಮ್ಯಾಲೆ ಸಾವ್ಕಾರ ಮನಿ ಮುಂದ ಬಂದ. ಛಲೋ ಮುದುಕಿ, ಪಾಪ ಅಂದ. ಆಮ್ಯಾಲೆ, "ಯಾವಾಗ ಎತ್ತತೀರಿ? ನಾಕಕ್ಕ ಮೆರವಣಿಗಿ ಐತಿ," ಅಂದ.

ಗಂಗಾ ಮಲಗಿದ ಕೂಸಿನ ನೋಡಿದ್ಲು. ಅವ್ವನ ನೋಡಿದ್ಲು. ತಲಿ ಎತ್ತದ ಹೇಳಿದ್ಲು, "ನಮ್ಮಣ್ಣ ಬರಬೇಕ್ರಿ. ಅವ ಬರೋತನಾ ಎತ್ತಂಗಿಲ್ಲ."

ಆಕಿಗೆ ಅಣ್ಣ ಇಲ್ಲ. ತಮ್ಮ ಇಲ್ಲ. ಪಕೀರಮ್ಮಗ ಹುಟ್ಟಿದಾಕಿ ಆಕಿ ಒಬ್ಬಾಕಿ. ಇಪ್ಪತ್ತು ವರ್ಷ ಸಾವ್ಕಾರನ ಮನಿ ಕಾರ್ಯಕ್ಕೆಲ್ಲಾ ರೊಟ್ಟಿ ಬಡದಾಳ ಆ ಮುದುಕಿ... ಆಕಿಗೆ ಮಕ್ಕಳೆಷ್ಟು ಅನ್ನೋದು ಅವಗ ಗೊತ್ತಿರಲಿಲ್ಲ! ಹೌದೇನು ಅಂತ ನನ್ನ ಕಡೆ ನೋಡಿದ.

"ಹೌದ್ರಿ," ಅಂದೆ ನಾನು. "ಫೋನ್ ಮಾಡಿದ್ದ. ಸಿಂಧನೂರತನಾ ಬಂದಾನಂತ."

ಓಣಿಗೆಲ್ಲಾ ಗೊತ್ತು ಸುಳ್ಳು ಅಂತ. ಒಬ್ರೂ ಬಾಯಿ ಬಿಡಲಿಲ್ಲ. ಎರಡು ರಾತ್ರಿ ಬಾಗಿಲ ಹಾಕ್ಕೊಂಡು ಮಲಗಿದ ಮಂದಿ ಅವರು, ಆವತ್ತು ಅಷ್ಟರ ಮಾಡಿದ್ರು. ಹುಲಿಗೇಶ ಎಂಟೂ ಬಾಕ್ಸ್ ಇಳಿಸಿ ಅದ ಟೆಂಪೋ ತಗೊಂಡು ಮಸ್ಕಿಗೆ ಹೋಗಿ ಬರ್ಫ ತಂದ. ಹೊರಸಿನ ಬುಡಕ ತಾನ ಇಟ್ಟ. ಕರಗಿದ್ದು ಟಪ್... ಟಪ್... ಅಂತ ತಗಡಿನ ಬುಟ್ಟ್ಯಾಗ ಬೀಳ್ತಿತ್ತು, ಕೂಸು ಆ ಸಪ್ಪಳಕ್ಕ ಏಳಲಿಲ್ಲ. ದಿನಾಪೂರ್ತಿ ಕುಡದು ಮಲಗಿತು, ಮಲಗಿ ಕುಡೀತು. ಮೆರವಣಿಗಿ ಸದ್ದಿಲ್ಲದ ಹೋತು. ಐದಕ್ಕ ಬೀಗರ ಗಾಡಿ ಊರ ದಾಟಿದವು. ಆಗ ಗಂಗಾ ಅಂದ್ಲು, "ಈಗ ಎತ್ರಿ."

ಆ ಕೂಸು ಅಮೂಲ್ಯಾ. ಈಗ ನಾಕು ವರ್ಷದಾಕಿ. ಓಣಿ ತುಂಬಾ ಚೀರಕೊಂತ ಓಡ್ತಾಳ, ಯಾರೂ ಬೈಯಂಗಿಲ್ಲ. ಹುಲಿಗೇಶ ಮತ್ತ ಡಿಜೆ ಹಚ್ಚಲಿಲ್ಲ. ಅವ ಬಿಟ್ರ ಇನ್ನೊಬ್ಬ ತಂದಾನ, ಹತ್ತು ಬಾಕ್ಸಿಂದು. ಭಾವಿ ಗ್ವಾಡಿಗೆ ಮೊನ್ನೆ ಹೊಸಾ ಬಣ್ಣ ಹೊಡದು ಅದ ಕಾಯ್ದೆ ಮತ್ತ ಬರಸ್ಯಾರ. ಬದುಕಿದವರ ಸಲುವಾಗಿ ಬರದದ್ದನ್ನ ಯಾರ ಕೇಳ್ತಾರ?

ಏನು ನಿಶಾತ್? ಹುಲಿಗೇಶ ನಿದ್ದಿಗಣ್ಣಾಗ ಏನೋ ಕಂಡಾನ ಅಂತೀಯೇನು? ಇರಲಿ, ಹಂಗ ಅನಕೋ. ನಾನೂ ಹಂಗ ಅನಕೊಂಡು ಹೆಣ ತೊಳ್ಯಾಕ ಕುಂತೆ. ಏಳು ಗಂಟೆಕ್ಕ ಹೊದಿಸಿದ ಕೌದಿ ಕಾಲ ಕಡೆ ಹಂಗ ಇತ್ತು, ನಾನ ತಗದೆ. ಎಡಗಾಲು ತೊಳದೆ. ಬಲಗಾಲು, ಎಳದು ನಡೀತಿದ್ಲಲ್ಲ ಆ ಕಾಲು, ಕೈಯಾಗ ತಗೊಂಡೆ... ಹೆಬ್ಬಟ್ಟಿನ ಸಂದ್ಯಾಗ ಒಂದು ಗುಲಾಬಿ ಕಾಗದದ ಚೂರು. ಅಂಗಾಲಿಗೆ ಬೆಳ್ಳಿದು ಎರಡು, ತುಳದು ಅಂಟಿದ್ದವು.

ಗುಲಾಬಿದು ಇನ್ನೂ ನನ್ನ ತೂಕದ ಪುಸ್ತಕದಾಗ ಐತಿ. ಕರೆಂಟ್ ಬರಲಿ, ತೋರಸ್ತೀನಿ.