ಏಳರ ಕೆಳಗೆ ಇಳಿದರೆ ಮಾತಾಡಬೇಡ

ಮಣಪ್ಪಾಡಿನಲ್ಲಿ ತೂತ್ತುಕುಡಿ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಮುಂದೆ ಮೀನುದೋಣಿಯ ಯಜಮಾನ ಸೂಸೈ, ಅವನ ಹೆಂಡತಿಯ ತಮ್ಮ ರಾಯಪ್ಪನ್. ಇಬ್ಬರ ಕೈಯಲ್ಲೂ ಒಂದೊಂದು ವಾಕಿಟಾಕಿ, ರಿಪೇರಿಗೆ ಹೊರಟವರು.

“ನೋಡು, ನಿನ್ನದು ಏಳೂವರೆ ವೋಲ್ಟ್ ತೋರಿಸ್ತಿದೆ. ನಿನ್ನೆ ಕಡಲಲ್ಲಿ ಇಂಜಿನ್ ಕೆಟ್ಟಾಗ ಯಾಕೋ ಕರೀಲಿಲ್ಲ?”

“ಮಾತಾಡೋಣ ಅಂತ ಬಟನ್ ಒತ್ತಿದೆ ಭಾವ. ಒತ್ತಿದ ತಕ್ಷಣ ಆರೂಮುಕ್ಕಾಲಿಗೆ ಇಳೀತು.”

“ಇಳಿದ್ರೆ?”

“ಏಳರ ಕೆಳಗೆ ಇಳಿದ್ರೆ ಮಾತಾಡಬೇಡ, ಬ್ಯಾಟರಿ ಉಳಿಸು ಅಂದೋರು ನೀವೇ. ಬಿಟ್ಟುಬಿಟ್ಟೆ.”

“ಆಮೇಲೆ?”

“ಬಿಟ್ಟ ಕೂಡಲೇ ಮತ್ತೆ ಏಳೂವರೆ! ಸರಿ ಅಂತ ಒತ್ತಿದೆ, ಮತ್ತೆ ಇಳೀತು. ಒತ್ತೋದು, ಬಿಡೋದು. ಕೊನೆಗೆ ಪಕ್ಕದೂರಿನ ದೋಣಿಯವರು ಕಂಡು ಎಳ್ಕೊಂಡು ಬಂದ್ರು.”

“ಅಲ್ವೋ, ಹಾಗಾದ್ರೆ ಬ್ಯಾಟರೀಲಿ ಚಾರ್ಜ್ ಇತ್ತೋ ಇಲ್ವೋ?”

“ಸುಮ್ನಿದ್ರೆ ಇತ್ತು. ಮಾತಾಡೋಕೆ ಹೋದ್ರೆ ಇರ್ಲಿಲ್ಲ.”

“ಥೇಟ್ ನಿಮ್ಮಕ್ಕನ ತಾಳ್ಮೆ.”

“ಅದಿರ್ಲಿ, ದಡದಲ್ಲಿದ್ದ ನಿಮ್ಮದಕ್ಕೇನಾಯ್ತು? ಅದನ್ನೂ ತಂದಿದ್ದೀರಲ್ಲ?”

“ಅದೂ ಕೆಟ್ಟಿದೆ. ನಿನ್ನೆ ಮಧ್ಯಾಹ್ನ ಒಂದೇ ಸಮ ಟಕ್, ಟಕ್ ಅಂತಿತ್ತು. ಒಂದು ಮಾತಿಲ್ಲ, ಕತೆಯಿಲ್ಲ.”

ರಾಯಪ್ಪನ್ ಬಟನ್ ಒತ್ತಿ ಬಿಟ್ಟ. ಸೂಸೈ ಕೈಯಲ್ಲಿದ್ದದ್ದು ಟಕ್ ಎಂದಿತು. ಇನ್ನೊಮ್ಮೆ ಒತ್ತಿದ. ಟಕ್.

“ಭಾವ, ಅದು ನಾನೇ.”

ಸೂಸೈ ಒಮ್ಮೆ ಆ ಪೆಟ್ಟಿಗೆಯನ್ನು, ಒಮ್ಮೆ ಈ ಪೆಟ್ಟಿಗೆಯನ್ನು ನೋಡಿದ.

“ಆಗ ನೀವೇನು ಮಾಡಿದ್ರಿ?”

ಬಸ್ಸು ಬಂತು. ಸೂಸೈ ಮೆಟ್ಟಿಲ ಮೇಲೆ ಕಾಲಿಟ್ಟು, ತಿರುಗದೆಯೇ ಹೇಳಿದ:

“ಆಫ್ ಮಾಡಿಟ್ಟೆ ಕಣೋ. ನೀನು ಕರೆಯೋ ಹೊತ್ತಿಗೆ ಬ್ಯಾಟರಿ ಇರ್ಲಿ ಅಂತ.”