ತೊಳೆದ ತೊಗಟೆ

ಬಸ್ಸಿನಲ್ಲಿ ಪರರ ಮಾತಿಗೆ ಕಿವಿಗೊಡುವ ಚಟ ನನಗಿಲ್ಲ. ಆದರೆ ಮುಂದಿನ ಸೀಟಿನಲ್ಲೇ ಅಕ್ಕತಂಗಿ ಜಗಳಕ್ಕೆ ಕೂತರೆ ನಾನೇನು ಕಿವಿಗೆ ಹತ್ತಿ ತುರುಕಿಕೊಳ್ಳಲೇ? ತಂಗಿಯ ತೊಡೆಯ ಮೇಲೆ ಗಾಜಿನ ಡಬ್ಬಿ. ಅದರೊಳಗೆ ಮರದ ತೊಗಟೆಯ ಚೂರುಗಳು, ಕಪ್ಪು ಜೀರುಂಡೆಗಳು.

"ನಾಲ್ಕು ದಿನ ನೋಡ್ಕೋ ಅಂದ್ರೆ ತೊಗಟೆಗೆ ಸೋಪು ಹಾಕಿ ತಿಕ್ಕೋದಾ ಅಕ್ಕಾ?"

"ಮೇಲೆಲ್ಲ ಬೂದು ಬೂದು ಕೊಳೆ ಕೂತಿತ್ತು ಕಣೇ."

"ಕೊಳೆಯಲ್ಲ, ಕಲ್ಲುಹೂವು. ಅದೇ ಅವುಗಳ ಊಟ."

"ಊಟ ಹೋದ್ರೂ ಗುಂಡುಕಲ್ಲಿನ ಹಾಗಿವೆಯಲ್ಲ!"

"ಅದೇ ನನ್ನ ತಲೆನೋವು. ಒದ್ದೆ ತೊಗಟೆಗೆ ಬೂಷ್ಟು ಹಿಡೀತು, ಅದನ್ನ ಮೇಯ್ತಾ ಇವೆ."

"ಮೇಯ್ಲಿ ಬಿಡು, ನಿನ್ನ ಗಂಟೇನು ಹೋಯ್ತು?"

"ಇವುಗಳ ಪೂರ್ವಿಕ ಜೀರುಂಡೆಗಳು ಬೂಷ್ಟು ತಿಂತಿದ್ವು, ಕಲ್ಲುಹೂವಿನ ರುಚಿ ಹತ್ತಿದ್ಮೇಲೆ ಅದನ್ನ ತಿನ್ನೋದೇ ಮರೆತುಬಿಟ್ವು ಅಂತ ಪ್ರಬಂಧ ಬರೆದಿದೀನಿ. ಇವತ್ತು ಪರೀಕ್ಷಕರ ಮುಂದೆ ಅದನ್ನೇ ಹೇಳ್ಬೇಕು."

"ಹೇಳು. ಡಬ್ಬಿ ನೋಡಿರೋರು ನಾವಿಬ್ರೇ ತಾನೇ?"

ನಾನೂ ನೋಡಿದ್ದೆ.

"ಕಂಡಿದ್ದನ್ನ ನುಂಗ್ಕೊಂಡು ಹೇಗೆ ನಿಂತ್ಕೊಳ್ಳಲಿ? ಅವು ಮರೆತಿಲ್ಲ, ನಾನು ಬರೆದದ್ದೇ ತಪ್ಪು ಅಂತೀನಿ."

"ಪದವಿ ಕೊಡದೆ ಹೋದ್ರೆ?"

"ಮತ್ತೆ ಬರೀತೀನಿ."

ಅಕ್ಕ ಡಬ್ಬಿಯ ಕಡೆ ತಿರುಗಿದಳು.

"ಹಾಗಾದ್ರೆ ನಾನೂ ಒಳಗೆ ಬರ್ತೀನಿ. ತಿಕ್ಕಿದ್ದು ನಾನು ಅಂತ ನಾನೇ ಹೇಳ್ತೀನಿ."

"ಬಾ. ಆದ್ರೆ ಅಲ್ಲಿ ಏನನ್ನೂ ತೊಳೀಬೇಡ."

ಅವರ ನಿಲ್ದಾಣ ಬಂತು. ಮೆಟ್ಟಿಲ ಬಳಿ ತಂಗಿ ಡಬ್ಬಿಯನ್ನು ಅಕ್ಕನ ಕೈಗೇ ಕೊಟ್ಟು, ತಾನು ಪ್ರಬಂಧದ ಕಟ್ಟನ್ನು ಎತ್ತಿಕೊಂಡು ಇಳಿದಳು.