ಬೇಲಿ ದಾಟಿದ ಟ್ರ್ಯಾಂಪೊಲಿನ್

ಅಲ್ಲ, ನಗಬೇಡ್ರೋ ಇಬ್ಬರೂ. ಫೋನಲ್ಲಿ ಬಿರುಗಾಳಿ ಅಂತ ಬಂದ್ರೆ ನಿಮ್ಮಪ್ಪನೂ ಹಿಂಗೇ ನಗ್ತಿದ್ದ. ಇದೇ ನೂರ್ಡ್‌ವೈಕ್‌ನಲ್ಲಿ, ಇದೇ ಮನೇಲಿ. ನಾನು ಮೂರು ತಿಂಗಳ ವೀಸಾ ಮೇಲೆ ಮೊದಲನೇ ಸಲ ಹಾಲೆಂಡಿಗೆ ಬಂದಿದ್ದೆ, ಚಳಿಗಾಲ, ನೀನಿನ್ನೂ ಕಂಕುಳಲ್ಲಿ ಇದ್ದೆ, ಇಗೋ ನಿಮ್ಮಕ್ಕ ಇವಳಿಗೆ ಅಂತ ನಿಮ್ಮಪ್ಪ ಹಿತ್ತಲಲ್ಲಿ ಟ್ರ್ಯಾಂಪೊಲಿನ್ ತಂದಿಟ್ಟಿದ್ದ. ಮಕ್ಕಳು ಹತ್ತಿ ಕುಪ್ಪಳಿಸೋದು, ಕಬ್ಬಿಣದ್ದು, ನಮ್ಮ ಮೈಸೂರು ಮನೆ ಹಾಲ್‌ನಷ್ಟು ಅಗಲ, ಸರಿ, ಅಷ್ಟಿಲ್ಲ, ಅಡುಗೆಮನೆಯಷ್ಟು ಅಂತಿಟ್ಕೊಳ್ಳಿ. ಟೀವಿಯಲ್ಲಿ ನಾಳೆ ಗಾಳಿ, ಆರೆಂಜ್ ಕೋಡ್, ಅಂದ್ರೆ ಅಪಾಯ, ಹುಷಾರು ಅಂತ ಒಂದೇ ಸಮ ಹೇಳ್ತಿದ್ರು. ಸಾಯಂಕಾಲ ಪಕ್ಕದ ಮನೆ ಟ್ರೂಸ್ ಬಂದ್ಲು. ಎಂಬತ್ತು ದಾಟಿದವಳು, ಒಬ್ಬಳೇ ಇರೋದು, ದಿನಾ ಹಿತ್ತಲ ಕಡೆ ಗಾಜಿನ ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು ಸ್ವೆಟರ್ ಹೆಣೆಯೋಳು, ನನ್ನ ಕಂಡ್ರೆ ಕೈ ಆಡಿಸೋಳು. ಅದನ್ನ ಕಟ್ಟಿಬಿಡಿ ಅಂತ ಟ್ರ್ಯಾಂಪೊಲಿನ್ ತೋರಿಸಿ ಹೇಳಿ, ಒಂದು ಹಗ್ಗಾನೂ ಕೊಟ್ಟುಹೋದ್ಲು. ಇವನು ಅವರ ಭಾಷೇಲಿ ಯಾ ಯಾ, ಆಯ್ತಾಯ್ತು ಅಂದ. ಬಾಗಿಲು ಹಾಕಿದ್ಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಇದು ನಮ್ಮೂರಲ್ಲಿ ಡೀಸಿ ಮಳೆ ರಜೆ ಕೊಟ್ಟ ಹಾಗೆ. ರಜೆ ಕೊಟ್ಟ ದಿನಾನೇ ಬಿಸಿಲು" ಅಂದ. ಸ್ಯಾಟಲೈಟ್ ಕೆಲಸದವನು ನೋಡಿ, ಆಕಾಶದ ವಿಷಯ ಅವನಿಗೆ ಹೇಳೋರ್ಯಾರು. ಕಟ್ಟೋ, ಕಟ್ಟೋ ಅಂತ ಬಡ್ಕೊಂಡೆ. ಹಗ್ಗ ಶೂ ಸ್ಟ್ಯಾಂಡ್ ಮೇಲೇ ಉಳೀತು.

ಬೆಳಿಗ್ಗೆ ಎದ್ರೆ ಏನು, ಒಂದು ಎಲೆ ಅಲ್ಲಾಡ್ತಿಲ್ಲ. ನೋಡಿದ್ಯಾ ಅಂತ ಮೀಸೆ ತಿರುವಿದ, ಮೀಸೆ ಎಲ್ಲಿದೆ ಅವನಿಗೆ, ಮಾತಿಗೆ ಹೇಳ್ದೆ. ಅವತ್ತು ಮನೆಯಿಂದಲೇ ಕೆಲಸ. ಮಧ್ಯಾಹ್ನ ಊಟಕ್ಕೆ ಕೂತು ಸಾರನ್ನ ಕಲಸ್ತಿದ್ವಿ, ಸಮುದ್ರದ ಕಡೆಯಿಂದ ಬಂತು ನೋಡಿ ಗಾಳಿ, ಗಾಳಿ ಅಂದ್ರೆ ಅದು ಗಾಳೀನಾ, ಮನೆ ಗಡಗಡ ಅಂತು. ನಾನು ಕಿಟಕಿ ಕಡೆ ತಿರುಗೋದಕ್ಕೂ ಆ ಟ್ರ್ಯಾಂಪೊಲಿನ್ ಕಾವಲಿ ಮೇಲಿನ ದೋಸೆ ಥರ ಮಗುಚಿಕೊಂಡು ಬೇಲಿ ದಾಟೋದಕ್ಕೂ ಸರಿಹೋಯ್ತು. ಆಮೇಲೆ ಗಾಜು ಒಡೆದ ಸದ್ದು. ನಿಮ್ಮಪ್ಪ ಟ್ರೂಸ್ ಅಂದ, ಎಂಜಲು ಕೈಯಲ್ಲೇ ಓಡಿದ. ನಿನ್ನನ್ನ ನಿಮ್ಮಮ್ಮನ ಕೈಗೆ ಹಾಕಿ ನಾನೂ ಹಿಂದೇನೇ ಹೋದೆ, ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು, ಸೆರಗು ಎಲ್ಲೋ. ದೇವರೇ, ಆ ಹೆಂಗಸನ್ನ ಕೊಂದುಬಿಟ್ವಲ್ಲಾ ಅಂತ ದಾರಿಯುದ್ದಕ್ಕೂ ಕೂಗ್ಕೊಂಡೇ ಹೋದೆ. ಅವಳ ಕಿಟಕಿ ಪೂರ್ತಿ ಹೋಗಿ ಒಳಗೆಲ್ಲ ಗಾಜೋ ಗಾಜು. ಅವಳು ದಿನಾ ಕೂರೋ ಜಾಗದಲ್ಲಿ, ಸರಿಯಾಗಿ ಆ ಜಾಗದಲ್ಲೇ, ಟ್ರ್ಯಾಂಪೊಲಿನ್ನಿನ ಒಂದು ಕಬ್ಬಿಣದ ಕಾಲು ಮರದ ನೆಲ ಸೀಳಿಕೊಂಡು ನಿಂತಿತ್ತು. ಕುರ್ಚಿ ಇರಲಿಲ್ಲ, ಅವಳೂ ಇರಲಿಲ್ಲ.

ಅಷ್ಟರಲ್ಲಿ ಮುಂದಿನ ರೂಮಿನ ಬಾಗಿಲು ತೆಗೆದು ಬಂದ್ಲು ಮಹಾತಾಯಿ, ಕೈಯಲ್ಲಿ ಅದೇ ಸ್ವೆಟರ್. ಮೈ ಮೇಲೆ ಒಂದು ಗೀರೂ ಇಲ್ಲ. ಹೋಗಿ ಅವಳ ಎರಡೂ ಕೈ ಹಿಡ್ಕೊಂಡೆ. ನಿಮ್ಮಪ್ಪ ಸಾರಿ ಸಾರಿ ಅಂತ ತೊದಲಿ, ನೀವು ಕಿಟಕಿ ಹತ್ರ ಇರಲಿಲ್ವಾ ಅಂತ ಕೇಳಿದ. ಅವಳು ಬೈಯಲಿಲ್ಲ, ಬೈದಿದ್ರೆ ಚೆನ್ನಾಗಿರ್ತಿತ್ತು. ಡಚ್‌ನಲ್ಲಿ ಮೆಲ್ಲಗೆ ಏನೋ ಹೇಳಿದ್ಲು, ಇವನು ಬಗ್ಗಿ ಗಾಜಿನ ಚೂರು ಆಯೋಕೆ ಶುರುಮಾಡಿದ. ಏನಂದ್ಲೋ ಅಂತ ಭುಜ ಹಿಡಿದು ಅಲುಗಾಡಿಸಿದ್ಮೇಲೆ ಬಾಯಿಬಿಟ್ಟ. "ಬೆಳಿಗ್ಗೆ ನೋಡಿದೆ, ನೀನು ಕಟ್ಟಿರಲಿಲ್ಲ, ಅದಕ್ಕೆ ಕುರ್ಚಿ ತೆಗೆದೆ ಅಂದ್ಲಮ್ಮ." ಕೇಳಿದ್ರಾ, ಅವಳ ಮನೇಲಿ ಅವಳು ನಮಗೆ ಹೆದರಿಕೊಂಡು ಜಾಗ ಬದಲಾಯಿಸಿದ್ಲು. ಗಾಳಿ ಬರತ್ತೆ ಅನ್ನೋದನ್ನ ನಂಬ್ತೀರೋ ಬಿಡ್ತೀರೋ ನಿಮ್ಮಿಷ್ಟ, ನಿಮ್ಮ ಸಾಮಾನು ನೀವು ಕಟ್ಟಿಡಿ. ಏಳಿ, ಹೋಗಿ ಆ ಸೈಕಲ್‌ಗಳನ್ನ ಶೆಡ್ ಒಳಗೆ ಹಾಕಿ ಬನ್ನಿ.